ಲೆಕ್ಕಕ್ಕುಂಟು

ನಾನು ಗೆದ್ದದ್ದು ಹದಿನೇಳು ಮತಗಳಿಂದ.
ಮರುಎಣಿಕೆಯಲ್ಲಿ ಹದಿನಾರು.
ತಪ್ಪಿಹೋದ ಆ ಒಬ್ಬರು ಯಾರೆಂದು ಇವತ್ತಿಗೂ
ಪೆಟ್ರೋಲ್ ಬಂಕಿನ ಕಾಫಿ ಸರದಿಯಲ್ಲಿ
ಮುಖ ಮುಖ ನೋಡುತ್ತೇನೆ.

ನೂರ ಹದಿನಾಲ್ಕನೆಯ ಕ್ಷೇತ್ರ.
ಬಡಗಣಕ್ಕೆ ಕೆನಡಾ, ತೆಂಕಣಕ್ಕೆ ಯಾರಿಗೂ ಬೇಡದ ಬೆಟ್ಟ,
ನಡುವೆ ಆರು ಊರು, ಬಾಗಿಲು ಹಾಕಿದ ಕಾಗದದ ಕಾರ್ಖಾನೆ,
ಮೂರು ಚರ್ಚು, ಒಂದು ಸೆರೆಮನೆ.
ಇಪ್ಪತ್ತೆರಡು ವರ್ಷ ಇಲ್ಲಿ ಶಾಲೆಯ ಬಸ್ಸು ಓಡಿಸಿದೆ.
ಯಾವ ತಿರುವಿನಲ್ಲಿ ಹಿಮ ಮೊದಲು ಗಾಜಾಗುತ್ತದೆ,
ಯಾವ ಮನೆಯ ಹುಡುಗ ಬರಿಹೊಟ್ಟೆಯಲ್ಲಿ ಹತ್ತುತ್ತಾನೆ,
ಗೊತ್ತು.
ಅಷ್ಟೇ ನನ್ನ ಪ್ರಣಾಳಿಕೆ.

ಹತ್ತು ವರ್ಷಕ್ಕೊಮ್ಮೆ ರಾಜಧಾನಿಯಲ್ಲಿ ಗೆರೆ ಎಳೆಯುತ್ತಾರೆ.
ಕಳೆದ ಸಲ ನಮ್ಮಲ್ಲಿ ತಲೆ ಸಾಲಲಿಲ್ಲ.
ಕಾರ್ಖಾನೆಯ ಹಿಂದೆಯೇ ಜನವೂ ಹೋಗಿತ್ತು.
ಪಕ್ಕದ ಕ್ಷೇತ್ರಕ್ಕೆ ಸೇರಿಸಿ ಕೈ ತೊಳೆದುಕೊಳ್ಳುವ ಮಾತಿತ್ತು.
ಆಗ ಯಾರೋ ಸೆರೆಮನೆಯ ನೆನಪು ಮಾಡಿದರು:
ಸಾವಿರದ ಆರುನೂರ ಹನ್ನೊಂದು ತಲೆ,
ಎಲ್ಲ ಗಂಡಸರು, ಬಹುಪಾಲು
ಏಳು ಗಂಟೆ ದಾರಿಯಾಚೆಯ ಮಹಾನಗರದವರು.
ಮಲಗುವುದು ಇಲ್ಲಿ, ಆದ್ದರಿಂದ ಇಲ್ಲಿನ ನಿವಾಸಿಗಳು.
ಕ್ಷೇತ್ರ ಉಳಿಯಿತು. ನನ್ನ ಕುರ್ಚಿಯೂ.

ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದು
ಪುಟ್ಟ ತಮ್ಮನನ್ನು ಸೇರಿಸಿಕೊಳ್ಳುತ್ತಾರಲ್ಲ ಮಕ್ಕಳು,
ಇದು ಅದರ ತಿರುಗುಮುರುಗು.

ಮಾರ್ಚಿಯಲ್ಲಿ ಒಂದು ಪತ್ರ ಬಂತು.
ಗೆರೆ ಹಾಳೆ, ಪೆನ್ಸಿಲು, ಒತ್ತಿ ಬರೆದ ಅಕ್ಷರ.
"ಪ್ರತಿನಿಧಿ ವರ್ನಾ ಟಪ್ಪರ್ ಅವರಿಗೆ,
ನಾನು ನಿಮ್ಮ ಮತದಾರ ಅಲ್ಲ, ನಿಮ್ಮ ಕ್ಷೇತ್ರದವನು,
ಹನ್ನೊಂದು ವರ್ಷದಿಂದ.
ಕ್ಷಮಾದಾನ ಕೇಳುತ್ತಿಲ್ಲ, ಅದಕ್ಕೆ ಬೇರೆ ಅರ್ಜಿ ಇದೆ.
ಬಟ್ಟೆ ಒಗೆಯುವ ಕೋಣೆಯ ಕಿಟಕಿಯಿಂದ
ಒಂದು ಹೊಳೆ ಕಾಣುತ್ತದೆ, ಎಲೆ ಉದುರಿದ ಮೇಲೆ ಮಾತ್ರ.
ಅದರ ಹೆಸರೇನು?
ಕಾವಲಿನವರನ್ನು ಕೇಳಿದೆ. ಯಾಕೆ ಅಂದರು.
ಇಂತಿ, ಡೆಲ್ರಾಯ್ ಪಿಂಕ್ನಿ."

ನಗು ಬಂತು.
ಆಮೇಲೆ ಬರಲಿಲ್ಲ.
ಆ ಸೇತುವೆಯನ್ನು ದಿನಕ್ಕೆ ನಾಲ್ಕು ಸಲ ದಾಟಿದವಳು ನಾನು.
ನಕ್ಷೆ ಬಿಚ್ಚಿದೆ. ಅಲ್ಲಿ ಅದು ನಮ್ಮ ಮೂಡಣ ಗಡಿ:
"ಹರಿವಿನ ನಡುಗೆರೆಯುದ್ದಕ್ಕೂ" ಎಂದಷ್ಟೇ ಬರೆದಿತ್ತು.
ಊರ ಗುಮಾಸ್ತೆ ಲೊರೇನ್
ಹಿಂದಿನ ಹೊಳೆ ಅಂದಳು.
ಯಾವುದರ ಹಿಂದಿನದು?
ಕಾರ್ಖಾನೆಯದು.
ಕಾರ್ಖಾನೆಗಿಂತ ಮೊದಲು?
ಫೋನ್ ಬಂತು, ಎದ್ದುಹೋದಳು.

ಆರ್ಮಾಂಡ್ ಲಪ್ಲಾಂಟ್, ಎಂಬತ್ತೊಂಬತ್ತು, ಕಿವಿ ಮಂದ.
ನಿನಗೆ ಮತ ಹಾಕಿಲ್ಲ ಎಂದು ಹೇಳಿಯೇ ಕಾಫಿ ಕೊಟ್ಟ.
ಅವನ ಅಜ್ಜಿ ಫ್ರೆಂಚಿನಲ್ಲಿ ಏನೋ ಕರೆಯುತ್ತಿದ್ದಳಂತೆ.
ಹೆಸರು ಮರೆತಿದ್ದಾನೆ, ಅರ್ಥ ಉಳಿದಿದೆ:
ಹಿಟ್ಟು ಜರಡಿ ಹಿಡಿಯುವ ಸದ್ದು.
ಅದಕ್ಕೂ ಹಿಂದೆ ಮೋಹಾಕರು ಇಟ್ಟದ್ದೊಂದು ಇದ್ದೀತು.
ನಮ್ಮವರು ಕೇಳಿರಲಿಲ್ಲ.

ಇಷ್ಟನ್ನೇ ಬರೆದು ಅಂಚೆಗೆ ಹಾಕಿದೆ.

ಮೇ ತಿಂಗಳಲ್ಲಿ ಮಸೂದೆ ಬಂತು:
ಬಂದಿಗಳನ್ನು ಬಂದ ಊರಲ್ಲೇ ಎಣಿಸತಕ್ಕದ್ದು.
ಪಕ್ಷದವರು ಊಟಕ್ಕೆ ಕರೆದು, ಮೀನು ಬಡಿಸಿ,
ವರ್ನಾ, ನಿನ್ನ ಕೊಂಬೆ ನೀನೇ ಕಡಿಯಬೇಡ ಅಂದರು.
ಮೀನು ಚೆನ್ನಾಗಿತ್ತು.
ಮೇಜಿನ ಮೇಲೆ ಎರಡು ಗುಂಡಿ, ಹಸಿರು, ಕೆಂಪು.
ಬಸ್ಸಿನಲ್ಲಿದ್ದವು ಇದಕ್ಕಿಂತ ಹೆಚ್ಚು.
ಹಸಿರು ಒತ್ತಿದೆ.
ಧೈರ್ಯ ಎಂದು ಪತ್ರಿಕೆ ಬರೆಯಿತು. ಅಲ್ಲ.
ಇಳಿಯುವ ಮಗು ಇಳಿಯುವ ತನಕ
ಗಾಡಿ ಬಿಡಬಾರದು, ಅಷ್ಟೇ, ಅಭ್ಯಾಸಬಲ.

ಮುಂದಿನ ನಕ್ಷೆಯಲ್ಲಿ ನೂರ ಹದಿನಾಲ್ಕು ಇರುವುದಿಲ್ಲ.
ಆರ್ಮಾಂಡ್ ಈಗ ಕಾಫಿ ಕೊಡುವುದಿಲ್ಲ.

ನಿನ್ನೆ ಇನ್ನೊಂದು ಪತ್ರ, ಅದೇ ಪೆನ್ಸಿಲು:
"ಸದ್ದು ಕೇಳಿಸುವುದಿಲ್ಲ, ಮೇಡಂ.
ಒಗೆಯುವ ಯಂತ್ರ ಹದಿನಾಲ್ಕಿವೆ.
ಭಾನುವಾರ ನಿಲ್ಲಿಸುತ್ತಾರೆ, ಆದರೆ ಕೋಣೆಗೆ ಬೀಗ.
ಶನಿವಾರ ಕೊನೆಯದು ನಿಂತ ಮೇಲೆ
ಬೀಗ ತರುವವನು ಬರುವ ಮುಂಚೆ
ಒಂದು ನಿಮಿಷ ಸಿಗುತ್ತದೆ.
ಕೇಳಿ ನೋಡಿ ತಿಳಿಸುತ್ತೇನೆ."